ಮನೆಪಾಠವೇ ವೃತ್ತಿಯಾಗಬಲ್ಲುದೇ?

‘ಮಗ ಏನು ಮಾಡುತ್ತಿದ್ದಾನೆ?’ ಎಂದು ಮದುವೆಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಯಾರಾದರೂ ಕೇಳಿದರೆ, ಬಿ.ಎಸ್ಸಿ., ಬಿ.ಇಡಿ. ಮುಗಿಸಿದ ಮಕ್ಕಳ ತಂದೆತಾಯಿಗಳು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ‘ಸದ್ಯಕ್ಕೆ ಟ್ಯೂಷನ್ ಹೇಳಿಕೊಂಡಿದ್ದಾನೆ.’ ಈ ‘ಸದ್ಯಕ್ಕೆ’ ಎಂಬ ಮಾತಿನಲ್ಲಿ ಎಷ್ಟೊಂದು ಅರ್ಥ ಅಡಗಿದೆ! ಶಿಕ್ಷಕರ ನೇಮಕಾತಿಯ ಪ್ರಕಟಣೆಗೆ ಕಾಯುತ್ತಿದ್ದಾನೆ ಎಂಬ ಸೂಚನೆ ಇದೆ. ಇದನ್ನು ಕೆಲಸವೆಂದು ಎಣಿಸಬೇಡಿ ಎಂಬ ಕೋರಿಕೆ ಇದೆ. ಒಂದಿಷ್ಟು ಸಂಕೋಚವೂ ಇದೆ. ಹೀಗೆ ‘ಸದ್ಯಕ್ಕೆ’ ಎಂದು ಶುರುವಾದ ಮನೆಪಾಠ ಎರಡು ವರ್ಷ, ನಾಲ್ಕು ವರ್ಷ, ಕೆಲವರ ಪಾಲಿಗೆ ಹತ್ತು ವರ್ಷವೂ ಸಾಗುತ್ತದೆ. ಅತ್ತ ಸರ್ಕಾರಿ ಕೆಲಸವೂ ಇಲ್ಲ, ಇತ್ತ ಮಾಡುತ್ತಿರುವ ಕೆಲಸದ ಮೇಲೆ ಪೂರ್ತಿ ಮನಸ್ಸೂ ಇಲ್ಲ.

ಹಾಗಾದರೆ ‘ಸದ್ಯಕ್ಕೆ’ ಎಂಬುದನ್ನು ಕೈಬಿಟ್ಟು ಮನೆಪಾಠವನ್ನೇ ಪೂರ್ಣಾವಧಿ ವೃತ್ತಿಯಾಗಿ ಒಪ್ಪಿಕೊಳ್ಳಬಹುದೇ? ಅದರಿಂದ ಒಂದು ಸಂಸಾರ ಸಾಗೀತೇ? ಪದವಿ ತರಗತಿಗಳಲ್ಲಿರುವ ವಿದ್ಯಾರ್ಥಿಗಳೂ ಅವರ ಹಿರಿಯರೂ ಕೂತು ಯೋಚಿಸಬೇಕಾದ ಪ್ರಶ್ನೆಗಳಿವು. ಸಾಧ್ಯ ಎಂಬುದು ನನ್ನ ಉತ್ತರ. ಆದರೆ ಲೆಕ್ಕ ಹಾಕಿ ಇಳಿದವರಿಗೆ ಮಾತ್ರ ಸಾಧ್ಯ; ಈ ವೃತ್ತಿಯ ಒಳಗೇ ಇರುವ ಒಂದು ವಿಚಿತ್ರ ಇಕ್ಕಟ್ಟನ್ನು ಅರಿತವರಿಗೆ ಮಾತ್ರ ಸಾಧ್ಯ.

ಹೊಸ ಕಸುಬೇನಲ್ಲ

ಪಾಠ ಹೇಳಿ ಹೊಟ್ಟೆ ಹೊರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಊರೂರಿಗೆ ಬರುವ ಮೊದಲು ಕೂಲಿಮಠಗಳಿದ್ದವು. ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದ ಐಗಳಿಗೆ ಮಕ್ಕಳ ಮನೆಯವರು ಕಾಳುಕಡಿಯನ್ನೋ ಪುಡಿಗಾಸನ್ನೋ ಕೊಡುತ್ತಿದ್ದರು. ಮುಂದೆ ಪಟ್ಟಣಕ್ಕೆ ಓದಲು ಬಂದ ಎಷ್ಟೋ ಬಡ ಹುಡುಗರು ವಾರಾನ್ನ ಉಂಡು, ಉಂಡ ಮನೆಯ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದು ಮುಗಿಸಿದರು. ಅವರಿಗೆ ಮನೆಪಾಠ ಋಣ ತೀರಿಸುವ ದಾರಿಯಾಗಿತ್ತು.

ಇಂದು ಇದರ ವ್ಯಾಪ್ತಿ ಬೇರೆಯೇ ಆಗಿದೆ. ಕೇಂದ್ರ ಸರ್ಕಾರ 2025ರಲ್ಲಿ ನಡೆಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಶೇಕಡ 27ರಷ್ಟು ಮಂದಿ ಆ ಶೈಕ್ಷಣಿಕ ವರ್ಷದಲ್ಲಿ ಖಾಸಗಿ ಪಾಠಕ್ಕೆ ಹೋಗಿದ್ದಾರೆ. ನಗರಗಳಲ್ಲಿ ಇದು ಶೇಕಡ 30.7, ಹಳ್ಳಿಗಳಲ್ಲಿ 25.5. ಹಳ್ಳಿ ನಗರಗಳ ನಡುವಿನ ಅಂತರ ನಾವು ಎಣಿಸಿದಷ್ಟು ದೊಡ್ಡದಲ್ಲ ಎಂಬುದನ್ನು ಗಮನಿಸಬೇಕು. ವ್ಯತ್ಯಾಸವಿರುವುದು ಖರ್ಚಿನಲ್ಲಿ. ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಸರಾಸರಿ ಖಾಸಗಿ ಪಾಠದ ವೆಚ್ಚ ನಗರದಲ್ಲಿ 3,988 ರೂಪಾಯಿ, ಹಳ್ಳಿಗಳಲ್ಲಿ 1,793 ರೂಪಾಯಿ. ನಮ್ಮ ಪಿ.ಯು.ಸಿ.ಗೆ ಸಮನಾದ ಹಂತದಲ್ಲಿ ನಗರದ ಸರಾಸರಿ 9,950 ರೂಪಾಯಿಗೆ ಏರುತ್ತದೆ. ಹಣ ಹೆಚ್ಚಿರುವುದು ನಗರದಲ್ಲಿ, ಪಿ.ಯು.ಸಿ.ಯಲ್ಲಿ. ಆದರೆ ದೊಡ್ಡ ಕೋಚಿಂಗ್ ಸಂಸ್ಥೆಗಳೂ ಅಲ್ಲೇ ಬೀಡುಬಿಟ್ಟಿವೆ. ಒಬ್ಬಂಟಿ ಶಿಕ್ಷಕನಿಗೆ ನೆಲೆ ಸಿಗುವುದು ಹೆಚ್ಚಾಗಿ ಪ್ರೌಢಶಾಲೆಯ ಹಂತದಲ್ಲಿ, ಬಡಾವಣೆಗಳಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ.

ಎರಡು ದೊಡ್ಡ ಹೆಸರುಗಳು

ಟ್ಯೂಷನ್ ಎಂದೊಡನೆ ಯುವಕರು ಕೆಲವು ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ರಾಜಸ್ಥಾನದ ಕೋಟಾದ ವಿನೋದ್ ಕುಮಾರ್ ಬನ್ಸಲ್ ಜೆ.ಕೆ. ಸಿಂಥೆಟಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಸ್ನಾಯುಗಳು ದಿನದಿನಕ್ಕೆ ಸೊರಗುವ ಕಾಯಿಲೆ ಅವರನ್ನು ಹಿಡಿಯಿತು. 1980ರ ದಶಕದಲ್ಲಿ ಮನೆಯಲ್ಲೇ ಬೆರಳೆಣಿಕೆಯ ಮಕ್ಕಳಿಗೆ ಪಾಠ ಹೇಳತೊಡಗಿದರು. ಅವರ ಶಿಷ್ಯರು ಐ.ಐ.ಟಿ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಮೇಲೆ ಹೆಸರು ಹರಡಿತು. 1991ರಲ್ಲಿ ಬನ್ಸಲ್ ಕ್ಲಾಸಸ್ ಹುಟ್ಟಿತು. ಇಡೀ ಊರೇ ಕೋಚಿಂಗ್ ನಗರವಾಗಲು ಅದು ನಾಂದಿಯಾಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಪಾಠ ಹೇಳಿದ ಬನ್ಸಲ್ 2021ರಲ್ಲಿ ತೀರಿಕೊಂಡರು.

ಇನ್ನೊಂದು ಹೆಸರು ಕೇರಳದ ಬೈಜು ರವೀಂದ್ರನ್ ಅವರದು. ಹಡಗು ಕಂಪನಿಯೊಂದರ ಎಂಜಿನಿಯರ್ ಆಗಿದ್ದ ಅವರು ರಜೆಯಲ್ಲಿ ಬೆಂಗಳೂರಿಗೆ ಬಂದಾಗ ಗೆಳೆಯರಿಗೆ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆಗೆ ಪಾಠ ಹೇಳಿಕೊಟ್ಟರು. ಅಲ್ಲಿಂದ ಬೆಳೆದ ಕಂಪನಿ ಸ್ಥಾಪನೆಯಾದದ್ದು 2011ರಲ್ಲಿ. ಅದು ದೇಶವಿದೇಶಗಳಿಗೆ ಹಬ್ಬಿತು. ಕೊನೆಗೆ 2024ರ ಜುಲೈನಲ್ಲಿ ಅದೇ ಕಂಪನಿಯ ಮೇಲಿನ ದಿವಾಳಿ ಅರ್ಜಿಯನ್ನು ಕಂಪನಿ ಕಾನೂನು ನ್ಯಾಯಮಂಡಳಿ ವಿಚಾರಣೆಗೆ ಅಂಗೀಕರಿಸಿತು.

ಈ ಎರಡೂ ಕಥೆಗಳಿಂದ ಕಲಿಯಬೇಕಾದ್ದು ಆರಂಭದ ಭಾಗವನ್ನು. ಇಬ್ಬರೂ ಕೈಯಲ್ಲಿ ಕೆಲಸವಿದ್ದಾಗಲೇ ಪಾಠ ಹೇಳಿ ನೋಡಿದರು. ಕಲಿತವರಿಗೆ ಪ್ರಯೋಜನವಾದ ಮೇಲೆ ಮುಂದಿನ ಹೆಜ್ಜೆ ಇಟ್ಟರು. ಸಾವಿರಾರು ಮಕ್ಕಳ ಸಂಸ್ಥೆ ಕಟ್ಟುವುದು ಬೇರೆಯದೇ ವ್ಯಾಪಾರ. ನಾವಿಲ್ಲಿ ಮಾತಾಡುತ್ತಿರುವುದು ಒಂದು ಕೋಣೆ, ಒಂದು ಕರಿಹಲಗೆ, ಮೂವತ್ತು ನಲವತ್ತು ಮಕ್ಕಳ ಮನೆಪಾಠದ ಬಗ್ಗೆ.

ಹತ್ತು ತಿಂಗಳ ದುಡಿಮೆ, ಹನ್ನೆರಡು ತಿಂಗಳ ಊಟ

ಮನೆಪಾಠದ ವರಮಾನವನ್ನು ಹೊರಗಿನಿಂದ ನೋಡುವವರು ಸಾಮಾನ್ಯವಾಗಿ ತಪ್ಪು ಎಣಿಸುತ್ತಾರೆ. ‘ಮೂವತ್ತೆರಡು ಮಕ್ಕಳು, ತಲೆಗೆ ಆರುನೂರು, ತಿಂಗಳಿಗೆ ಹತ್ತೊಂಬತ್ತು ಸಾವಿರ ಚಿಲ್ಲರೆ, ಇನ್ನೇನು ಬೇಕು?’ ಎನ್ನುತ್ತಾರೆ. ಈ ಅಂಕಿಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕೋಣ. ಫೀಸು ಊರಿಂದೂರಿಗೆ ಬೇರೆಯಾಗಬಹುದು. ಲೆಕ್ಕದ ಕ್ರಮ ಬದಲಾಗದು.

ಮೊದಲು ಸಮಯ. ಮಕ್ಕಳು ಹಗಲೆಲ್ಲ ಶಾಲೆಯಲ್ಲಿರುತ್ತಾರೆ. ಮನೆಪಾಠದವರ ಕೈಗೆ ಸಿಗುವುದು ಬೆಳಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಎಂಟು. ಬೆಳಗ್ಗೆ ಎರಡು, ಸಂಜೆ ಎರಡು, ಒಟ್ಟು ನಾಲ್ಕು ಬ್ಯಾಚು. ಬ್ಯಾಚಿಗೆ ಎಂಟು ಮಕ್ಕಳೆಂದರೆ ಮೂವತ್ತೆರಡು. ಪೂರ್ಣಾವಧಿ ಎಂದೊಡನೆ ಗಳಿಕೆಯ ಗಂಟೆಗಳು ಇಮ್ಮಡಿಯಾಗುವುದಿಲ್ಲ ಎಂಬುದು ಇಲ್ಲಿನ ಮೊದಲ ಪಾಠ.

ಇನ್ನು ಹಣ. ತಿಂಗಳಿಗೆ 19,200 ರೂಪಾಯಿ. ಆದರೆ ಪಾಠ ನಡೆಯುವುದು ಜೂನ್‌ನಿಂದ ಮಾರ್ಚ್‌ವರೆಗೆ, ಹತ್ತೇ ತಿಂಗಳು. ವರ್ಷಕ್ಕೆ 1,92,000 ರೂಪಾಯಿ. ಫೀಸು ಬಾಕಿ ಉಳಿಸಿ ಹೋಗುವವರು, ನಡುವೆ ಬಿಡುವವರು, ಬಡತನ ಕಂಡು ನಾವೇ ಬಿಟ್ಟುಕೊಡುವುದು ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲು ಕಳೆಯಿರಿ: ಉಳಿದದ್ದು 1,72,800. ಕೋಣೆಯ ಬಾಡಿಗೆ ತಿಂಗಳಿಗೆ 3,000, ವಿದ್ಯುತ್ತು, ಸೀಮೆಸುಣ್ಣ, ಪ್ರಶ್ನೆಪತ್ರಿಕೆಯ ಜೆರಾಕ್ಸು ಇತ್ಯಾದಿಗೆ 1,000. ಬಾಡಿಗೆಗೆ ಬೇಸಿಗೆ ರಜೆ ಇಲ್ಲ; ವರ್ಷಕ್ಕೆ 48,000 ಹೋಯಿತು. ಮಿಕ್ಕ 1,24,800 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಕೈಗೆ ಬರುವುದು ತಿಂಗಳಿಗೆ 10,400. ಹತ್ತೊಂಬತ್ತು ಸಾವಿರ ಎಂದು ಹೊರಟದ್ದು ಹತ್ತು ಸಾವಿರಕ್ಕೆ ಬಂದು ನಿಂತಿತು. ಸ್ವಂತ ಮನೆಯ ಹಜಾರದಲ್ಲೇ ಪಾಠ ಮಾಡುವವರಿಗೆ ಬಾಡಿಗೆ ಉಳಿಯುತ್ತದೆ. ಅವರ ಮನೆಮಂದಿ ಸಂಜೆಯ ಹೊತ್ತು ಅಡುಗೆಮನೆ ಸೇರಬೇಕಾಗುತ್ತದೆ.

ಬ್ಯಾಚಿಗೆ ಎಂಟರ ಬದಲು ಇಪ್ಪತ್ತು ಮಕ್ಕಳನ್ನು ತುಂಬಿದರೆ? ಹಣ ಎರಡೂವರೆ ಪಟ್ಟಾಗುತ್ತದೆ, ನಿಜ. ಆದರೆ ಎಂಬತ್ತು ನೋಟ್‌ಬುಕ್ಕುಗಳನ್ನು ಒಬ್ಬರೇ ತಿದ್ದುವುದು ಹೇಗೆ? ಶಾಲೆಯ ಗುಂಪಿನಲ್ಲಿ ಅರ್ಥವಾಗದ ಮಗು ಇನ್ನೊಂದು ಗುಂಪಿಗೆ ಬಂದು ಕುಳಿತಂತಾಯಿತು, ಅಷ್ಟೇ.

ಮೂರು ಒರೆಗಲ್ಲುಗಳು

ಇದೆಲ್ಲ ಹೆದರಿಸಲು ಹೇಳಿದ್ದಲ್ಲ. ಅರೆಕಾಲಿಕ ಕೆಲಸವನ್ನು ಪೂರ್ಣಾವಧಿಗೆ ಬದಲಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೇಲಿನ ಕ್ರಮದಲ್ಲಿ ಹನ್ನೆರಡು ತಿಂಗಳಿಗೆ ಹಂಚಿದ ನಿವ್ವಳ ವರಮಾನ ಸತತ ಎರಡು ವರ್ಷ ಮನೆಖರ್ಚನ್ನು ಸರಿತೂಗಿಸಿದೆಯೇ? ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿದೆಯೇ? ಹೊಸದಾಗಿ ಸೇರುವ ಮಕ್ಕಳಲ್ಲಿ ಅರ್ಧದಷ್ಟಾದರೂ ಹಳೆಯ ಮಕ್ಕಳ ಮನೆಯವರು ಹೇಳಿ ಕಳುಹಿಸಿದವರೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಬಹುದು. ಒಂದಕ್ಕೆ ‘ಇಲ್ಲ’ ಎಂದಿದ್ದರೂ ಇರುವ ಕೆಲಸವನ್ನು, ಅದು ಖಾಸಗಿ ಕಂಪನಿಯ ಸಣ್ಣ ನೌಕರಿಯೇ ಆಗಿರಲಿ, ಬಿಡಬಾರದು.

ಆರು ತಿಂಗಳ ಹಣ ಏಕೆ ಎಂದು ಕೇಳುವವರು 2020ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಮನೆಪಾಠದ ಬಾಗಿಲುಗಳೂ ಮುಚ್ಚಿದವು. ಸಂಬಳದವರಿಗೆ ಕಡಿತವಾದರೂ ಏನಾದರೂ ಬಂತು. ಪಾಠವನ್ನೇ ನಂಬಿದ್ದವರ ವರಮಾನ ಒಂದೇ ವಾರದಲ್ಲಿ ನಿಂತಿತು. ಭವಿಷ್ಯನಿಧಿ, ಪಿಂಚಣಿ ಕೊಡುವ ಮಾಲೀಕನೂ ಈ ವೃತ್ತಿಯಲ್ಲಿಲ್ಲ. ಅಂಚೆ ಕಚೇರಿ, ಬ್ಯಾಂಕುಗಳಲ್ಲಿ ಸಿಗುವ ಹದಿನೈದು ವರ್ಷಗಳ ಪಿ.ಪಿ.ಎಫ್. ಖಾತೆ, 2009ರಿಂದ ಎಲ್ಲ ನಾಗರಿಕರಿಗೂ ತೆರೆದಿರುವ ರಾಷ್ಟ್ರೀಯ ಪಿಂಚಣಿ ಯೋಜನೆ ಇಂಥವನ್ನು ಮೊದಲ ವರ್ಷದಿಂದಲೇ ಆರಂಭಿಸುವುದು ಜಾಣತನ.

ಹಗಲಿನ ಬಿಡುವಿಗೂ ಬೇಸಿಗೆಗೂ ಕೆಲಸವಿದೆ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಓದುವವರು ಹಗಲಿನಲ್ಲಿ ಸಿಗುತ್ತಾರೆ. ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಮೊದಲ ಪರೀಕ್ಷೆಯಲ್ಲಿ ಎಡವಿದ ಮಕ್ಕಳು ಮುಂದಿನದಕ್ಕೆ ಸಿದ್ಧವಾಗುವುದು ಬೇಸಿಗೆಯಲ್ಲೇ. ಆಗ ಅವರ ಕೈಹಿಡಿಯುವವರು ಕಡಿಮೆ. ಅವರಿಗೆ ಬೇಕಾದ ಸಹಾಯ ಹೆಚ್ಚು.

ಕಾನೂನು ಏನನ್ನುತ್ತದೆ?

‘ಶಾಲೆಯಲ್ಲಿ ಕೆಲಸ ಮಾಡುತ್ತ ಸಂಜೆ ಟ್ಯೂಷನ್ ನಡೆಸಿ, ಆಮೇಲೆ ಕೆಲಸ ಬಿಟ್ಟರಾಯಿತು’ ಎಂಬ ಯೋಚನೆ ಹಲವರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಇದರ ಹಿಂದಿನ ಕಾರಣ ಸರಳ. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಮನೆಯಲ್ಲಿ ಮಾರುವ ಆಸೆ ಯಾರಿಗೂ ಹುಟ್ಟಬಾರದು. ತನ್ನದೇ ತರಗತಿಯ ಮಗುವನ್ನು ಟ್ಯೂಷನ್‌ಗೆ ಕರೆಯುವ ಶಿಕ್ಷಕರ ಮುಂದೆ ತಂದೆತಾಯಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಎಲ್ಲಿರುತ್ತದೆ?

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ಕುರಿತು ರಾಜ್ಯಗಳಿಗೆ ಮಾರ್ಗಸೂಚಿ ಕಳುಹಿಸಿತು. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಅದು ಕೋಚಿಂಗ್ ಕೇಂದ್ರವೆಂದು ಕರೆಯುತ್ತದೆ. ಅಂಥಲ್ಲಿ ಹದಿನಾರು ವರ್ಷದೊಳಗಿನವರನ್ನು ಸೇರಿಸಬಾರದು, ಪಾಠ ಹೇಳುವವರು ಪದವೀಧರರಿರಬೇಕು, ರ‍್ಯಾಂಕಿನ ಭರವಸೆ ಕೊಡಬಾರದು, ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳಲ್ಲಿ ಹಿಂದಿರುಗಿಸಬೇಕು ಎನ್ನುತ್ತದೆ. ಐವತ್ತರೊಳಗೇ ಇರುವ ಮನೆಪಾಠಕ್ಕೂ ಕೊನೆಯ ಎರಡು ಮಾತು ಒಳ್ಳೆಯ ನಡತೆಯ ನಿಯಮಗಳೇ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯ ವಿಷಯವೂ ಇದೆ. ಆದ್ದರಿಂದ ಫಲಕ ಬರೆಸುವ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಫೀಸಿಗೆ ರಸೀದಿ ಕೊಡುವುದು, ಆದಾಯ ತೆರಿಗೆ ವಿವರ ಸಲ್ಲಿಸುವುದು ರೂಢಿಯಾಗಲಿ. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಈ ಕಾಗದಗಳೇ ಸಂಬಳದ ಚೀಟಿಯ ಕೆಲಸ ಮಾಡುತ್ತವೆ.

ಮಸೂರದ ಹಿಂದೆ ಭಿನ್ನರಾಶಿ

ಈಗ ನಾನು ಆರಂಭದಲ್ಲಿ ಹೇಳಿದ ಇಕ್ಕಟ್ಟಿಗೆ ಬರೋಣ. ವಿಜ್ಞಾನದ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಪೀನ ಮಸೂರವೊಂದರ ಸಂಗಮದೂರ 10 ಸೆಂ.ಮೀ. ವಸ್ತು ಮಸೂರದಿಂದ 15 ಸೆಂ.ಮೀ. ದೂರದಲ್ಲಿದೆ. ಪ್ರತಿಬಿಂಬ ಎಲ್ಲಿ ಮೂಡುತ್ತದೆ? ಹತ್ತನೇ ತರಗತಿಯ ಹುಡುಗನಿಗೆ ಸೂತ್ರ ಬಾಯಿಪಾಠವಾಗಿದೆ. ಧನ, ಋಣ ಚಿಹ್ನೆಗಳನ್ನೂ ಸರಿಯಾಗಿಯೇ ಹಾಕಿದ್ದಾನೆ. 1/10ರಲ್ಲಿ 1/15 ಕಳೆಯುವ ಹಂತಕ್ಕೆ ಬಂದು, ಕೆಳಗಿನ ಅಂಕಿಗಳನ್ನೇ ಒಂದರಿಂದೊಂದು ಕಳೆದು 1/5 ಎಂದು ಬರೆಯುತ್ತಾನೆ. ಉತ್ತರ 5 ಸೆಂ.ಮೀ. ಎನ್ನುತ್ತಾನೆ. ಸರಿಯಾದ ಉತ್ತರ 30 ಸೆಂ.ಮೀ.

‘ಹುಡುಗ ಭೌತಶಾಸ್ತ್ರದಲ್ಲಿ ಹಿಂದೆ’ ಎಂದು ಅಂಕಪಟ್ಟಿ ಹೇಳುತ್ತದೆ. ಅವನು ಹಿಂದಿರುವುದು ಭೌತಶಾಸ್ತ್ರದಲ್ಲಲ್ಲ, ಪ್ರಾಥಮಿಕ ಶಾಲೆಯ ಭಿನ್ನರಾಶಿಯಲ್ಲಿ. ಓಮನ ನಿಯಮದ ಸಮಾಂತರ ಜೋಡಣೆಯ ಲೆಕ್ಕದಲ್ಲೂ ಅವನು ಅಲ್ಲೇ ಎಡವುತ್ತಾನೆ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಇದನ್ನು ಹುಡುಕಲು ಶಿಕ್ಷಕರಿಗೆ ಬಿಡುವು ಸಿಗುವುದು ಕಷ್ಟ. ಎಂಟು ಮಕ್ಕಳ ಮನೆಪಾಠದಲ್ಲಿ ಅದು ಸಾಧ್ಯ. ಮನೆಪಾಠಕ್ಕೆ ಏನಾದರೂ ಬೆಲೆಯಿದ್ದರೆ ಅದು ಇಲ್ಲಿದೆ. ಭಿನ್ನರಾಶಿಯನ್ನು ಮೂರು ವಾರ ಮಾಡಿಸಿ, ಜೊತೆಗೆ ಕಿರಣಚಿತ್ರ ಬರೆಯುವುದನ್ನು ಕಲಿಸಿದರೆ ಹುಡುಗ ತನ್ನ ತಪ್ಪನ್ನು ತಾನೇ ಹಿಡಿಯುತ್ತಾನೆ. ಸಂಗಮದೂರಕ್ಕೂ ಅದರ ಇಮ್ಮಡಿಗೂ ನಡುವೆ ವಸ್ತು ಇದ್ದರೆ ಪ್ರತಿಬಿಂಬ 20 ಸೆಂ.ಮೀ.ಗಿಂತ ಆಚೆ ಬೀಳಬೇಕಲ್ಲ, 5 ಹೇಗೆ ಬಂತು ಎಂದು ತಾನೇ ಕೇಳಿಕೊಳ್ಳುತ್ತಾನೆ.

ಇಕ್ಕಟ್ಟು ಇರುವುದೂ ಇಲ್ಲೇ. ಹೀಗೆ ಬೇರು ಹುಡುಕಿ ಸರಿಪಡಿಸಿದರೆ ನಾಲ್ಕಾರು ತಿಂಗಳಲ್ಲಿ ಹುಡುಗನಿಗೆ ಮೇಷ್ಟ್ರ ಅಗತ್ಯ ಇರುವುದಿಲ್ಲ. ಮೇಷ್ಟ್ರಿಗೆ ಒಂದು ಫೀಸು ಕಡಿಮೆಯಾಗುತ್ತದೆ. ಹಾಗೆ ಮಾಡದೆ ಪ್ರಶ್ನೋತ್ತರ ಬರೆಸಿ, ಕಂಠಪಾಠ ಮಾಡಿಸಿ, ಶಾಲೆಯ ಮನೆಗೆಲಸ ಮುಗಿಸಿ ಕಳುಹಿಸಿದರೆ ಹುಡುಗ ಮೂರು ವರ್ಷ ಬಿಡದೆ ಬರುತ್ತಾನೆ. ಅರೆಕಾಲಿಕ ಪಾಠ ಹೇಳುವವನಿಗೆ ಈ ಆಮಿಷ ಅಷ್ಟಿಲ್ಲ. ಒಂದು ಮಗು ಬಿಟ್ಟರೆ ಅವನ ಮನೆಯ ಒಲೆ ಆರುವುದಿಲ್ಲ. ಪಾಠವೇ ಜೀವನವಾದವನಿಗೆ ಪ್ರತಿ ಮಗುವೂ ಅಕ್ಕಿಬೇಳೆಯ ಲೆಕ್ಕವಾಗುತ್ತದೆ. ಪೂರ್ಣಾವಧಿಗೆ ಇಳಿಯುವವರು ಎದುರಿಸಬೇಕಾದ ನಿಜವಾದ ಪರೀಕ್ಷೆ ಇದು.

‘ಇನ್ನು ಬರಬೇಡ’ ಎನ್ನುವ ಧೈರ್ಯ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಲ್ಲೂಕು ಕೇಂದ್ರವೊಂದರಲ್ಲಿ ಏಳೆಂಟು ವರ್ಷಗಳಿಂದ ಇದೇ ವೃತ್ತಿಯಲ್ಲಿದ್ದಾಳೆ. ವರಸಾಮ್ಯದ ಮಾತಿಗೆ ಬಂದವರು ‘ಟ್ಯೂಷನ್ ಸರಿ, ಕೆಲಸ ಏನು ಮಾಡ್ತಾಳೆ?’ ಎಂದು ಅವಳ ಅಪ್ಪನನ್ನು ಕೇಳಿದ್ದುಂಟು. ಅವಳ ಬಳಿ ಪ್ರತಿ ಮಗುವಿಗೂ ಪುಸ್ತಕದಲ್ಲಿ ಒಂದು ಪುಟವಿದೆ. ಸೇರಿದ ದಿನ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ ಎಂದು ಅದರಲ್ಲಿ ಗುರುತು ಹಾಕುತ್ತಾಳೆ. ಪಟ್ಟಿ ಮುಗಿದ ಮಗುವಿನ ತಾಯಿಯನ್ನು ಕರೆಸಿ ‘ಅಮ್ಮಾ, ಇನ್ನು ಇವನನ್ನು ದಿನಾ ಕಳಿಸೋದು ಬೇಡ. ತಿಂಗಳಿಗೊಂದ್ಸಲ ಅನುಮಾನ ಇದ್ರೆ ಬಂದು ಕೇಳಿಕೊಂಡು ಹೋಗಲಿ’ ಎನ್ನುತ್ತಾಳೆ.

ಮೊದಲ ವರ್ಷ ಇದು ಅವಳಿಗೆ ನಷ್ಟ ತಂದಿತು. ತಾಯಂದಿರಿಗೂ ಅನುಮಾನ: ಮಗನ ಮೇಲೆ ಸಿಟ್ಟೋ, ಹೆಚ್ಚು ಫೀಸಿನವರು ಸಿಕ್ಕರೋ! ಆದರೆ ಅದೇ ಬೀದಿಯಿಂದ ಮರುವರ್ಷ ನಾಲ್ಕು ಮಕ್ಕಳು ಬಂದರು. ಆಮೇಲೆ ಮೊದಲ ಹುಡುಗನ ತಂಗಿಯೂ ಬಂದಳು. ಈಗ ಅವಳ ಮನೆಗೆ ಜೂನ್ ತಿಂಗಳಲ್ಲಿ ಸರದಿ ಇರುತ್ತದೆ. ಆದರೂ ಬ್ಯಾಚಿಗೆ ಹತ್ತನ್ನು ಮೀರಿಸಿಲ್ಲ. ಮಗುವನ್ನು ಕಟ್ಟಿಹಾಕದೆಯೂ ವೃತ್ತಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಪೋಷಕರು ಕೇಳಬೇಕಾದ್ದು

ಈ ವೃತ್ತಿ ಒಳ್ಳೆಯವರ ಕೈಯಲ್ಲಿ ಉಳಿಯುವುದು ತಂದೆತಾಯಿಗಳು ಏನು ಕೇಳುತ್ತಾರೆ ಎಂಬುದನ್ನೂ ಅವಲಂಬಿಸಿದೆ. ‘ಎಷ್ಟು ಜನಕ್ಕೆ ತೊಂಬತ್ತೈದು ಬಂತು?’ ಎಂದಷ್ಟೇ ಕೇಳಿದರೆ ಜಾಣ ಮಕ್ಕಳನ್ನು ಮಾತ್ರ ಆರಿಸಿ ಸೇರಿಸಿಕೊಳ್ಳುವವರು ಬೆಳೆಯುತ್ತಾರೆ. ‘ನನ್ನ ಮಗುವಿನ ತೊಡಕು ಎಲ್ಲಿದೆ? ಅದು ಬಿಡಿಸಲು ಎಷ್ಟು ತಿಂಗಳು ಬೇಕು?’ ಎಂದು ಕೇಳಿ. ಎರಡು ವಾರದ ನಂತರವೂ ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡಿ. ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಫೀಸು ಯಾವ ತಾರೀಖಿಗೆ, ನಡುವೆ ಬಿಟ್ಟರೆ ಹೇಗೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಪಾಠದ ಕೋಣೆಯ ಬಾಗಿಲು ತೆರೆದಿರಬೇಕು, ನೀವು ಯಾವಾಗ ಬೇಕಾದರೂ ಬಂದು ನೋಡುವಂತಿರಬೇಕು. ಒಪ್ಪಿದ ಫೀಸನ್ನು ತಿಂಗಳ ಮೊದಲ ವಾರದಲ್ಲೇ ಕೊಟ್ಟುಬಿಡಿ. ನಾಲ್ಕು ಸಲ ಕೇಳಿಸಿಕೊಂಡು ಕೊಡುವ ಹಣದಿಂದ ಗುರುವಿನ ಮಾನವೂ ಹೋಗುತ್ತದೆ, ನಿಮ್ಮದೂ ಹೋಗುತ್ತದೆ. ಮಗು ತಾನೇ ಓದಿಕೊಳ್ಳುವಂತಾದರೆ ಟ್ಯೂಷನ್ ನಿಲ್ಲಿಸಲು ಹೆದರಬೇಡಿ.

ಮನೆಯಲ್ಲಿ ಬಿ.ಇಡಿ. ಮುಗಿಸಿದ ಮಗನೋ ಮಗಳೋ ಈ ದಾರಿ ಹಿಡಿಯಲು ಹೊರಟಿದ್ದರೆ ಎರಡು ವರ್ಷದ ಗಡುವು ಕೊಡಿ. ಅಷ್ಟರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ನೇಮಕಾತಿ ಪರೀಕ್ಷೆಗಳನ್ನೂ ಬರೆಯುತ್ತಿರಲಿ. ಒಂದು ದಾರಿ ಇನ್ನೊಂದಕ್ಕೆ ಅಡ್ಡಿಯಲ್ಲ. ದಿನಾ ಪಾಠ ಹೇಳುವವನ ವಿಷಯಜ್ಞಾನ ತುಕ್ಕು ಹಿಡಿಯುವುದಿಲ್ಲ.

ಈ ವೃತ್ತಿಗೆ ಇಳಿಯುವ ತರುಣ ತರುಣಿಯರು ಪ್ರತಿ ಏಪ್ರಿಲ್‌ನಲ್ಲಿ ಎರಡು ಲೆಕ್ಕ ಬರೆದಿಡಬೇಕು. ಒಂದು, ಖರ್ಚು ಕಳೆದು ಕೈಯಲ್ಲಿ ಉಳಿದ ಹಣ. ಇನ್ನೊಂದು, ಈ ವರ್ಷ ನಮ್ಮ ನೆರವಿಲ್ಲದೆ ಓದಿಕೊಳ್ಳಬಲ್ಲವರಾಗಿ ಹೊರಗೆ ಹೋದ ಮಕ್ಕಳ ಸಂಖ್ಯೆ. ಮೊದಲನೆಯದು ಸೊರಗಿದರೆ ಮನೆ ನಡೆಯದು. ಎರಡನೆಯದು ಸೊನ್ನೆಯಾದರೆ, ಮೊದಲನೆಯದು ಎಷ್ಟೇ ದೊಡ್ಡದಿರಲಿ, ಮೇಷ್ಟ್ರು ಎಂಬ ಹೆಸರು ನಮಗೆ ಸಲ್ಲದು.